ಹಸಿರಂಚಿನ ಚೀಲಗಳು

ವನಜಾಕ್ಷಿಗೆ ಊರಿನಲ್ಲಿ ಯಾರ ಮೇಲೂ ಹಗೆಯಿರಲಿಲ್ಲ, ಒಂದು ಚಿಟ್ಟೆಯ ಮೇಲೆ ಬಿಟ್ಟರೆ. ನೋಡಲು ಅಂಥದ್ದೇನಿಲ್ಲ. ಕಂದು ಬೆರೆತ ನೇರಳೆ ರೆಕ್ಕೆ, ಅದರ ಮೇಲೆ ಅರಿಶಿನ ಕುಂಕುಮ ಕಲಸಿ ಬೆರಳು ಒತ್ತಿದ ಹಾಗೆ ಒಂದು ಮಚ್ಚೆ. ಬಿಸಿಲು ಬಲಿಯುವ ಹೊತ್ತಿಗೆ ಎಲ್ಲಿಂದಲೋ ಬಂದು, ಹಿತ್ತಲ ಎರಡು ದಾಳಿಂಬೆ ಗಿಡಗಳ ಸುತ್ತ ಕರೆಯದೆ ಮದುವೆಗೆ ಬಂದವಳಂತೆ ಸುಮ್ಮನೆ ಸುಳಿದಾಡಿ, ಎಳೆಗಾಯಿಯ ಕಿರೀಟದ ಮೇಲೆ ಒಂದು ಕ್ಷಣ ಕೂತು ಎದ್ದುಹೋಗುತ್ತಿತ್ತು. ಅಷ್ಟೇ. ಅದು ಕೂತ ಕಾಯಿಯ ಕಥೆ ಅಲ್ಲಿಗೆ ಮುಗಿದ ಹಾಗೆ. ಮೊಟ್ಟೆಯೊಡೆದ ಹುಳು ಕಾಯಿಯೊಳಕ್ಕೆ ಕೊರೆದು ಹೋಗಿ, ಹೊರಗೆ ಕಡ್ಡಿ ಚುಚ್ಚಿದಷ್ಟು ತೂತು ಬಿಟ್ಟು, ಒಳಗಿನ ಕಾಳನ್ನೆಲ್ಲ ಕರ್ರಗೆ ಕೊಳೆಸಿಬಿಡುತ್ತಿತ್ತು.

ಹೋದ ವರ್ಷ ಗಿಡಗಳು ಮೊದಲ ಸಲ ಕಾಯಿ ಹಿಡಿದಾಗ ಒಂದೂ ಬಾಯಿಗೆ ಸಿಗಲಿಲ್ಲ. ಅದು ಗೊತ್ತಾಗುವ ಮುಂಚೆ, ಕೆಂಪಗೆ ದುಂಡಗೆ ಕಂಡ ಒಂದನ್ನು ಆಸೆಯಿಂದ ಕೊಯ್ದು ಪಕ್ಕದ ಮನೆಯ ಮೀನಾಕ್ಷಮ್ಮನಿಗೆ ಕೊಟ್ಟಿದ್ದಳು. ಮೀನಾಕ್ಷಮ್ಮ ಅಲ್ಲೇ ಜಗಲಿಯ ಅಂಚಿಗೆ ಕುಟ್ಟಿ ಎರಡು ಹೋಳು ಮಾಡಿದಳು. ಒಳಗಿಂದ ಹುಳು ತಲೆಯೆತ್ತಿ ನೋಡಿತು.

"ಅಯ್ಯೋ, ಇದ್ರೊಳಗೆ ಆಗ್ಲೇ ಬಾಡಿಗೆಗೆ ಬಂದವ್ರಲ್ಲೇ ವನಜಾ!" ಎಂದು ಮೀನಾಕ್ಷಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ವನಜಾಕ್ಷಿಯೂ ನಕ್ಕಳು. ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ, ಕೊಟ್ಟ ಮೊದಲ ಹಣ್ಣೇ ಹೀಗಾಯಿತಲ್ಲ ಎಂದು ಸಂಜೆಯವರೆಗೂ ಮನಸ್ಸು ಕುಟುಕುತ್ತಲೇ ಇತ್ತು.

ಅವಳ ಸ್ವಭಾವವೇ ಹಾಗೆ. ಗ್ಯಾಸ್ ಆರಿಸಿ ಹೊರಗೆ ಬಂದವಳು ಮತ್ತೆ ಒಳಗೆ ಹೋಗಿ ತಿರುಗುಣಿ ಮುಟ್ಟಿ ನೋಡುವವಳು. ಆಡಿದ ಮಾತನ್ನೂ ಹಾಗೆಯೇ, ಆಡಿಯಾದ ಮೇಲೆ ಮತ್ತೆ ಮತ್ತೆ ಮುಟ್ಟಿ ನೋಡುವಳು. ಚಿಕ್ಕನಾಯಕನಹಳ್ಳಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಬಹಳ ವರ್ಷ ಕನ್ನಡ ಪಾಠ ಹೇಳಿದವಳು, ತಂದೆ ರಂಗಪ್ಪನವರಿಗೆ ಲಕ್ವ ಹೊಡೆದಾಗ ಕೆಲಸ ಬಿಟ್ಟು ಶೆಟ್ಟಿಕೆರೆಯ ಮನೆಗೆ ಬಂದು ಕೂತಿದ್ದಳು. ಮದುವೆಯ ಮಾತು ಅದಕ್ಕೂ ಮುಂಚೆಯೇ ತಣ್ಣಗಾಗಿತ್ತು. ತಂದೆ ತೀರಿಕೊಂಡು ಈಗ ಎರಡನೆಯ ವರ್ಷ. ರಂಗಪ್ಪನವರು ಇದ್ದಾಗ, ಮೈ ಗಟ್ಟಿಯಿದ್ದಷ್ಟು ದಿನವೂ, ಏಣಿ ಹತ್ತಿ ಅಟ್ಟದ ಮೇಲೆ ಕೊಬ್ಬರಿಗೆ ಹಾಕಿದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ನೀರು ಇಂಗಿತೋ ಇನ್ನೂ ಇದೆಯೋ ಎಂದು ಕೇಳುತ್ತಿದ್ದರು. ವನಜಾಕ್ಷಿಗೆ ಆ ಏಣಿಯ ಭಯ. ಕಾಯಿಗಳನ್ನು ಹಸಿಯಾಗಿಯೇ ಕೊಟ್ಟುಬಿಡುತ್ತಿದ್ದಳು. ಅಟ್ಟ ಬರಿದಾಗಿತ್ತು. ತಲೆಯ ಮೇಲೆ ಇಲಿ ಓಡಿದರೆ ಉರುಳಿ ಸದ್ದು ಮಾಡಲು ಒಂದು ಕಾಯಿಯೂ ಅಲ್ಲಿರಲಿಲ್ಲ.

ತೆಂಗಿನ ತೋಟದ ನೆರಳಿನಲ್ಲಿ ದಾಳಿಂಬೆ ಬರುವುದಿಲ್ಲ. ಅದಕ್ಕೆ ನೆತ್ತಿಯ ಮೇಲೆ ಬಿಸಿಲು ಬೇಕು. ಆದರೆ ವನಜಾಕ್ಷಿಯ ಹಿತ್ತಲಲ್ಲಿ ಒಂದು ಕಡೆ ಮಾತ್ರ ಆಕಾಶ ಬಾಯಿ ತೆರೆದುಕೊಂಡಿತ್ತು. ಅಲ್ಲಿದ್ದ ಹಳೆಯ ತೆಂಗಿನಮರಕ್ಕೆ ಸಿಡಿಲು ಬಡಿದು ಸುಳಿ ಸುಟ್ಟು ಹೋಗಿತ್ತು. ರಂಗಪ್ಪನವರು ಮಂಚದಲ್ಲಿ ಮಲಗಿ, ಸೊಟ್ಟಗಾದ ಬಾಯಲ್ಲೇ, ಅಲ್ಲಿಗೆ ಇನ್ನೊಂದು ತೆಂಗಿನ ಸಸಿ ಹಾಕು ಎಂದಿದ್ದರು. ಅದು ಫಲಕ್ಕೆ ಬರುವಷ್ಟು ವರ್ಷ ಯಾರಿಗಾಗಿ ಕಾಯಲಿ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ತಿಪಟೂರಿನ ನರ್ಸರಿಯಿಂದ ಎರಡು ದಾಳಿಂಬೆ ಸಸಿ ತಂದು ನೆಟ್ಟಳು. ಆ ಬಿಸಿಲಿನ ತೂತಿನಲ್ಲಿ ಅವು ಯಾರ ಹಂಗೂ ಇಲ್ಲದ ಹಾಗೆ ಬೆಳೆದವು.

ಈ ವರ್ಷ ಮಾಘದಲ್ಲಿ ಗಿಡಗಳು ಮೈತುಂಬ ಹೂವಾದ ಹೊತ್ತಿಗೇ ಮೀನಾಕ್ಷಮ್ಮನ ಮಗಳು ಪವಿತ್ರಾ ತವರಿಗೆ ಬಂದಳು. ಅವಳನ್ನು ಕೊಟ್ಟದ್ದು ತುರುವೇಕೆರೆ ಕಡೆಯ ದಂಡಿನಶಿವರಕ್ಕೆ. ಹೋದ ಸಲ ಐದನೇ ತಿಂಗಳಲ್ಲಿ ಬಸಿರು ಇಳಿದುಹೋಗಿತ್ತು. ಈ ಸಲ ನಿಂತದ್ದು ಖಾತ್ರಿಯಾದ ಕೂಡಲೇ ಡಾಕ್ಟರು ಓಡಾಟ ಬೇಡ, ತಾಯಿಯ ಹತ್ತಿರ ಇರಲಿ ಎಂದಿದ್ದರು. ರಕ್ತ ಕಡಿಮೆ, ಸೊಪ್ಪು ತಿನ್ನಲಿ, ಖರ್ಜೂರ ತಿನ್ನಲಿ, ದಾಳಿಂಬೆ ತಿನ್ನಲಿ ಎಂದೂ ಹೇಳಿದ್ದರು.

"ಕೇಳಿದ್ಯೇನೇ ವನಜಾ?" ಎರಡು ಮನೆಗಳ ನಡುವಿನ ಗೋಡೆಗೆ ಮೊಣಕೈ ಊರಿ ಮೀನಾಕ್ಷಮ್ಮ ಹೇಳಿದ್ದಳು. "ಪ್ಯಾಟೆ ಹಣ್ಣಿಗೆ ಅದೇನೇನೋ ಹೊಡ್ದಿರ್ತಾರೆ. ನಿನ್ ಗಿಡದ ಹಣ್ಣು ಈ ಸಲ ಯಾರ್ಗೂ ಕೊಡ್ಬ್ಯಾಡ. ಎಲ್ಲಾ ನಮ್ ಪವಿತ್ರಂಗೆ. ಬಾಡಿಗೆದಾರ್ನ ಮಾತ್ರ ಮೊದ್ಲು ಖಾಲಿ ಮಾಡ್ಸು!"

ಆ ಮಾತಿಗೆ ವನಜಾಕ್ಷಿಗೆ ಒಳಗೇ ಏನೋ ತುಂಬಿಕೊಂಡಿತು. ಅವಳ ಕೈಯಿಂದ ಬರುವ ಯಾವುದಕ್ಕಾದರೂ ಯಾರಾದರೂ ಕಾದು ಎಷ್ಟು ಕಾಲವಾಗಿತ್ತು! ಬೆಳಗ್ಗೆ ಎದ್ದ ಕೂಡಲೇ ಗಿಡದ ಹತ್ತಿರ ಹೋಗುವಳು. ಗಂಟೆಯಾಕಾರದ ಗಂಡು ಹೂಗಳು ಉದುರಿದರೆ ಉದುರಲಿ, ಬುಡ ದಪ್ಪಗಿರುವ ಹೂವಿನಲ್ಲಿ ಒಂದು ಬಿದ್ದರೂ ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡುವಳು. ಸಂಜೆ ಪವಿತ್ರಾ ಗೋಡೆಯ ಸಣ್ಣ ಗೇಟು ದಾಟಿ ಬಂದು ಬಾವಿಕಟ್ಟೆಯ ಮೇಲೆ ಕೂತರೆ, ಇಬ್ಬರೂ ಕತ್ತಲಾಗುವವರೆಗೆ ಕಾಯಿ ನೋಡುತ್ತಾ ಮಾತಾಡುವರು. "ಚಿಕ್ಕಮ್ಮಾ, ಆ ಮೂಲೇದು ನಂದು. ಅದ್ನ ನಾನೇ ಕೀಳ್ತೀನಿ," ಎನ್ನುವಳು ಪವಿತ್ರಾ.

ಯುಗಾದಿಯ ಹೊತ್ತಿಗೆ ಕಾಯಿಗಳು ನಿಂಬೆಯ ಗಾತ್ರಕ್ಕೆ ಬಂದವು. ಚಿಟ್ಟೆಯೂ ಬಂತು.

ಕಾಯಿಗೆ ಬಟ್ಟೆಯ ಚೀಲ ಕಟ್ಟಬೇಕೆಂದು ವನಜಾಕ್ಷಿ ಫೋನಿನ ಒಂದು ವಿಡಿಯೋದಲ್ಲಿ ನೋಡಿಟ್ಟುಕೊಂಡಿದ್ದಳು. ತೆಳು ಹತ್ತಿ ಬಟ್ಟೆಯಾದರೆ ಒಳಗೆ ಗಾಳಿಯಾಡುತ್ತದೆ, ಚಿಟ್ಟೆ ಮಾತ್ರ ಹೋಗಲಾರದು. ತಿಪಟೂರಿಂದ ಹೊಸ ಬಟ್ಟೆ ತಂದು ಒಂದು ಚೀಲ ಹೊಲಿದು ಕಟ್ಟಿ ನೋಡಿದಳು. ಗಂಜಿಯ ಗರಿಗೆ ಎಳೆಗಾಯಿಯ ಸಿಪ್ಪೆ ಉಜ್ಜಿ ಕಂದು ಗೀರು ಮೂಡಿತು. ಪಾಲಿಸ್ಟರ್ ಬೇಡ, ಕಾಯಿ ಬೇಯುತ್ತದೆ. ಒಗೆದು ಒಗೆದು ಮೆತ್ತಗಾದ ಹತ್ತಿ ಬಟ್ಟೆ ಬೇಕು. ಅಂಥದ್ದು ಮನೆಯಲ್ಲಿ ಎಲ್ಲಿದೆ ಎಂದು ಅವಳು ಯೋಚಿಸಬೇಕಾಗಿರಲಿಲ್ಲ.

ಸತ್ತವರ ಬಟ್ಟೆ ಮನೆಯಲ್ಲಿರಬಾರದೆಂದು, ಹನ್ನೊಂದನೆಯ ದಿನದ ಕಾರ್ಯ ಮುಗಿದ ಕೂಡಲೇ ಸೋದರತ್ತೆ ಲಕ್ಷ್ಮಿದೇವಮ್ಮ ರಂಗಪ್ಪನವರ ಅಂಗಿ ಪಂಚೆ ಟವೆಲುಗಳನ್ನೆಲ್ಲ ಒಂದೂ ಬಿಡದೆ ಗಂಟು ಕಟ್ಟಿ ಸಾಗಿಸಿದ್ದರು. ಒಂದೂ ಬಿಡದೆ ಎಂದು ಅವರು ತಿಳಿದುಕೊಂಡಿದ್ದರು. ಹಸಿರಂಚಿನ ಪಂಚೆಗಳ ಒಂದು ಕಟ್ಟು ಹಾಸಿಗೆಯ ಪೆಟ್ಟಿಗೆಯ ತಳದಲ್ಲಿತ್ತು. ಅತ್ತೆ ಕೇಳಲಿಲ್ಲ, ವನಜಾಕ್ಷಿ ಹೇಳಲಿಲ್ಲ.

ಮೊದಲ ಪಂಚೆಯನ್ನು ತೊಡೆಯ ಮೇಲೆ ಹರಡಿಕೊಂಡು ಕತ್ತರಿ ಹಿಡಿದು ಬಹಳ ಹೊತ್ತು ಕೂತಿದ್ದಳು. ಕೊನೆಗೆ ಕತ್ತರಿಸಿದಾಗ ಬಟ್ಟೆ ಸದ್ದೇ ಮಾಡಲಿಲ್ಲ, ಅಷ್ಟು ಸವೆದಿತ್ತು. ಆಮೇಲೆ ಕೆಲಸ ತಾನಾಗಿ ನಡೆಯಿತು. ಅಂಚಿನ ಕಡೆ ನೂಲು ಬಿಡುವುದಿಲ್ಲವೆಂದು, ಪ್ರತಿ ಚೀಲದ ಬಾಯಿಗೂ ಹಸಿರಂಚು ಬರುವ ಹಾಗೆ ಮಡಿಸಿ, ಅದರೊಳಗೆ ದಾರ ಪೋಣಿಸಿದಳು. ನಾಲ್ಕೈದು ಮಧ್ಯಾಹ್ನ ಹೊಲಿಗೆ ಮಿಷನ್ನಿನ ಸದ್ದು ಮನೆಯನ್ನು ತುಂಬಿಕೊಂಡಿತ್ತು. ಕಟ್ಟುವಾಗ ಪ್ರತಿ ಕಾಯಿಯನ್ನೂ ತಿರುಗಿಸಿ, ಮೊಟ್ಟೆಯಿಲ್ಲವೆಂದು ಕಂಡ ಮೇಲೆಯೇ ಚೀಲ ಏರಿಸಿ, ತೊಟ್ಟಿಗೆ ನೋವಾಗದಂತೆ ಗಂಟು ಹಾಕಿದಳು. ಕೂಸಿಗೆ ಕುಲಾವಿ ಕಟ್ಟಿದ ಹಾಗೆ. ಜಗತ್ತಿನಲ್ಲಿ ಎಲ್ಲದಕ್ಕೂ ಹೆದರುವವಳಿಗೆ, ಹೆದರಬೇಕಾದ ಅದೊಂದು ಸಂಗತಿ ಮಾತ್ರ ಹೊಳೆಯಲೇ ಇಲ್ಲ.

ಚಿಟ್ಟೆ ಬಂತು, ಸುತ್ತಿತು, ಬಟ್ಟೆಯ ಮೇಲೆ ಕೂತು ಬೇಸತ್ತು ಹೋಯಿತು. ಗೆದ್ದೆ ಎಂದುಕೊಂಡಳು ವನಜಾಕ್ಷಿ. ಬೇಸಿಗೆ ಕಳೆಯಿತು, ಎರಡು ಒಳ್ಳೆಯ ಮಳೆಯಾಯಿತು, ಚೀಲಗಳು ದಿನದಿನಕ್ಕೆ ಬಿಗಿಯಾದವು. ಮಳೆಗೆ ಗಿಡ ಇನ್ನೊಂದು ಸುತ್ತು ಹೂ ಬಿಟ್ಟು ತುದಿಗಳಲ್ಲಿ ಸಣ್ಣ ಕಾಯಿ ಕಟ್ಟಿತು.

ಜೂನಿನ ಒಂದು ಬೆಳಗ್ಗೆ, ರಂಗಪ್ಪನವರ ಕಾಲದಿಂದಲೂ ತೋಟದ ಮರ ಹತ್ತುವ ಲಕ್ಕಯ್ಯ ತೆಂಗಿನಕಾಯಿ ಕೀಳಲು ಬಂದ. ಗೋಡೆಯಾಚೆ ಮೀನಾಕ್ಷಮ್ಮ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು, ಪಕ್ಕದಲ್ಲಿ ಪವಿತ್ರಾ ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಲಕ್ಕಯ್ಯ ಮರದ ನೆತ್ತಿಯಿಂದಲೇ ಕೂಗಿದ.

"ವನಜಮ್ನೋರೆ, ಇದೇನ್ರವ್ವ ಇದು! ಮ್ಯಾಲಿಂದ ನೋಡುದ್ರೆ ನಮ್ ರಂಗಪ್ನೋರು ಗಿಡದ್ ತುಂಬ ನೇತಾಡ್ತಾವ್ರೆ!"

"ಏನಂದೆ ಲಕ್ಕಯ್ಯ?"

"ಅವ್ರ ಪಂಚೆ ಅಲ್ವರಾ ಅದು, ಹಸ್ರಂಚಿಂದು? ಆ ಅಂಚು ತೋಟದ್ ಬಾಗ್ಲಲ್ಲಿ ಕಂಡ್ರೆ ಸಾಕು, ನಾನು ಬೀಡಿ ಬಿಸಾಕ್ತಿದ್ದೆ. ಈಗ್ಲೂ ಕೈ ತಾನಾಗೇ ಬಾಯಿಗೋಯ್ತು ನೋಡಿ, ಬೀಡಿ ಐತಾ ಅಂತ!"

ವನಜಾಕ್ಷಿ ನಕ್ಕುಬಿಟ್ಟಳು. ತಂದೆಯ ಹೆಸರನ್ನು ಊರಿನಲ್ಲಿ ಯಾರಾದರೂ ಹೀಗೆ ನಗುತ್ತಾ ಎತ್ತಿ ಎಷ್ಟೋ ದಿನವಾಗಿತ್ತು. "ಹೌದು ಕಣಪ್ಪ, ಅಪ್ಪಂದೇ. ಕಾವಲಿಗಿಟ್ಟಿದ್ದೀನಿ," ಎಂದಳು. ಗೋಡೆಯಾಚೆ ಮೊರದ ಸದ್ದು ನಿಂತದ್ದು ಕಿವಿಗೆ ಬಿತ್ತು. ಬಿದ್ದರೂ ಅದರ ಕಡೆ ಮನಸ್ಸು ಹೋಗಲಿಲ್ಲ.

ಅವತ್ತು ಸಂಜೆ ಪವಿತ್ರಾ ಬರಲಿಲ್ಲ. ಸುಸ್ತಾಗಿರಬೇಕು. ಮಾರನೆಯ ದಿನವೂ ಬರಲಿಲ್ಲ. ಮೂರನೆಯ ದಿನ ವನಜಾಕ್ಷಿ ಗೋಡೆಯ ಹತ್ತಿರ ನಿಂತು, "ಪವಿತ್ರಾ ಹುಷಾರಾಗಿದಾಳಾ ಅಕ್ಕಾ?" ಎಂದಳು.

"ಚೆನ್ನಾಗವ್ಳೆ ಬುಡು. ಕಾಲು ಊದ್ಕಂತವೆ, ಅದ್ಕೇ ಎಲ್ಲೂ ಬ್ಯಾಡ ಅಂದೆ."

"ಆ ಮೂಲೆ ಕಾಯಿ ಬಣ್ಣಕ್ಕೆ ಬರ್ತಿದೆ ಅಂತ ಹೇಳು."

"ಹೂಂ, ಹೇಳ್ತೀನಿ," ಎಂದ ಮೀನಾಕ್ಷಮ್ಮ ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಎಂದು ಒಳಗೆ ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ. ಆ ಮನೆಯಲ್ಲಿ ಯಾವ ಹೊತ್ತಿಗೆ ಏನು ಬೇಯುತ್ತದೆ ಎಂಬುದನ್ನು ವನಜಾಕ್ಷಿ ವಾಸನೆಯಲ್ಲೇ ಬಲ್ಲಳು.

ಅದಾದ ಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಗೋಡೆಯ ಸಣ್ಣ ಗೇಟಿಗೆ ಆ ಕಡೆಯಿಂದ ಚಿಲಕ ಬಿದ್ದಿತ್ತು. ದಾಳಿಂಬೆ ಗಿಡಗಳಿಗೆ ಎದುರಾಗಿದ್ದ ಪವಿತ್ರಾಳ ಕೋಣೆಯ ಕಿಟಕಿಗೆ ಹೊಸ ಪರದೆ ಬಂತು. ಒಂದು ದಿನ ಅಂಗಡಿಗೆ ಹೋಗಿದ್ದಾಗ ತಿಪಟೂರಿನ ಬಸ್ಸಿನಿಂದ ಮೀನಾಕ್ಷಮ್ಮ ಇಳಿದಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಕೆಂಪು ಕೆಂಪಗೆ ದಾಳಿಂಬೆ. ವನಜಾಕ್ಷಿಯನ್ನು ಕಂಡವಳು ಚೀಲವನ್ನು ಆಚೆ ಕೈಗೆ ಬದಲಾಯಿಸಿಕೊಂಡು, "ಬಿಸ್ಲು ಕಣೇ," ಎಂದು ಸರಸರ ನಡೆದುಬಿಟ್ಟಳು.

ಆ ದಿನ ವನಜಾಕ್ಷಿಗೆ ಅನ್ನ ಸೇರಲಿಲ್ಲ. ತಾನು ಏನು ಅಂದೆ? ತಪ್ಪು ಮಾತಿನಲ್ಲೇ ಇರಬೇಕೆಂದು ಅವಳಿಗೆ ಖಾತ್ರಿ. ತಿಂಗಳಿಂದ ಆಡಿದ ಮಾತುಗಳನ್ನೆಲ್ಲ ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ ಹರಡಿಕೊಂಡು ಕೂತಳು. ಒಂದು ಸಿಕ್ಕಿತು. ಪವಿತ್ರಾ ಬಾವಿಕಟ್ಟೆಯ ಮೇಲಿಂದ ಏಳುವಾಗ ಕೈ ಹಿಡಿದು, "ಈ ಸಲ ಏನೂ ಆಗಲ್ಲ ಕಣೇ," ಅಂದಿದ್ದಳು. ಈ ಸಲ! ಈ ಸಲ ಎಂದರೆ ಹೋದ ಸಲವನ್ನು ನೆನಪಿಸಿದ ಹಾಗೆ ಆಗಲಿಲ್ಲವೇ? ಮಕ್ಕಳಿಗೆ ಅಷ್ಟು ವರ್ಷ ಮಾತು ಕಲಿಸಿದವಳಿಗೆ ಇಷ್ಟು ತಿಳಿಯಬಾರದೇ? ಹೇಗೆ ಕ್ಷಮೆ ಕೇಳುವುದು, ಕೇಳಿದರೆ ಮತ್ತೆ ಅದೇ ಗಾಯ ಕೆದಕಿದಂತಾಗುವುದೇ ಎಂದು ಯೋಚಿಸುತ್ತಾ ವಾರ ಕಳೆದಳು. ಮನೆಯಲ್ಲಿ ಅವಳ ದನಿ ಅವಳಿಗೇ ಕೇಳಿಸಿ ಎಷ್ಟು ದಿನವಾಯಿತೋ. ಹಾಲು ಕೊಡುವವಳ ಹತ್ತಿರ "ಸಾಕು" ಎಂದಾಗ ಅದು ಗೊಗ್ಗರಾಗಿ ಹೊರಟಿತು.

ನಿಜ ಗೊತ್ತಾದದ್ದು ರಸ್ತೆಯಲ್ಲಿ. ಹಾಲಿನ ಡೇರಿಯ ಕಡೆಯಿಂದ ಸಂಜೆ ಬರುವಾಗ, ಎಂದೂ ಹಿಡಿಯದ ಹಿಂದಿನ ದಾರಿ ಹಿಡಿದಿದ್ದಳು, ಮಾಮೂಲಿ ದಾರಿಯಲ್ಲಿ ಬಂದರೆ ಮೀನಾಕ್ಷಮ್ಮನ ಮನೆಯ ಮುಂದೆ ಹಾಯಬೇಕಾಗುತ್ತದೆ ಎಂದು. ಆ ದಾರಿ ಮೀನಾಕ್ಷಮ್ಮನ ಹಿತ್ತಲ ಬದಿಗೆ ಬಂದು ತಿರುಗುತ್ತದೆ. ಅಲ್ಲಿ ತಲೆಯೆತ್ತಿದಳು. ಪವಿತ್ರಾಳ ಕಿಟಕಿ ನೋಡುವ ನೋಟವೇ ಎದುರಿಗಿತ್ತು. ಇಳಿಬಿಸಿಲು. ತೆಂಗಿನಮರಗಳ ಕಪ್ಪು ಕಾಂಡಗಳ ನಡುವೆ ಬೆಳಕಿನ ಒಂದು ಅಂಗಳ. ಅದರೊಳಗೆ ಬಿಳಿಯ ಬಟ್ಟೆಗಳು, ಒಂದೊಂದರ ಕೊರಳಿಗೂ ಹಸಿರಂಚು. ಗಾಳಿಗೆ ಅವೆಲ್ಲ ಒಟ್ಟಿಗೆ ಒಂದಿಷ್ಟು ಅತ್ತ, ಒಂದಿಷ್ಟು ಇತ್ತ ತೂಗಿದವು. ಅಪ್ಪ ಕೈ ಹಿಂದೆ ಕಟ್ಟಿಕೊಂಡು ತೋಟದಲ್ಲಿ ನಡೆಯುವಾಗ ಪಂಚೆ ಹೀಗೆಯೇ ಆಡುತ್ತಿತ್ತು.

ಲಕ್ಕಯ್ಯನ ಮಾತು ಈಗ ಇನ್ನೊಂದು ಸಲ ಕೇಳಿಸಿತು. ಮೊರದ ಸದ್ದು ನಿಂತದ್ದೂ ಕೇಳಿಸಿತು.

ಅಯ್ಯೋ ದೇವರೇ ಎಂದುಕೊಂಡಳು. ಬಸುರಿಗೆ ಸತ್ತವರ ಬಟ್ಟೆ ಸೋಕಬಾರದು ಎನ್ನುವ ಊರಿನಲ್ಲಿ ಹುಟ್ಟಿ ಬೆಳೆದವಳು ತಾನು. ಮೂರು ತಿಂಗಳು ಆ ಬಟ್ಟೆಯಲ್ಲೇ ಸುತ್ತಿಟ್ಟ ಹಣ್ಣನ್ನು ಬಸುರಿಯ ಬಾಯಿಗೆ ಇಡಲು ಹೊರಟಿದ್ದಳು. ಅದೂ ಕೇಳಿದವರ ಮುಂದೆ, ಹೌದು ಅಪ್ಪಂದೇ ಎಂದು ನಕ್ಕುಕೊಂಡು.

ಮನೆಗೆ ಬಂದು ಗಿಡದ ಕೆಳಗೆ ನಿಂತಳು. ಹಣ್ಣು ತಯಾರಾಗಿದ್ದವು. ಬೆರಳಿನಿಂದ ತಟ್ಟಿದರೆ ಗಟ್ಟಿ ಸದ್ದು, ದುಂಡಗಿದ್ದ ಮೈಯಲ್ಲಿ ಏಣು ಮೂಡಿತ್ತು. ಚೀಲಗಳನ್ನೆಲ್ಲ ಬಿಚ್ಚಿ ಒಲೆಗೆ ಹಾಕಿ, ಹಣ್ಣನ್ನು ಚೆನ್ನಾಗಿ ತೊಳೆದು, ಇವು ಚೀಲ ಕಟ್ಟದೆ ಉಳಿದುಕೊಂಡ ಹಣ್ಣು ಅಕ್ಕಾ ಎಂದು ಕೊಟ್ಟರೆ ಯಾರಿಗೆ ಗೊತ್ತಾಗುತ್ತದೆ? ಪವಿತ್ರಾ ಮತ್ತೆ ಬಾವಿಕಟ್ಟೆಯ ಮೇಲೆ ಬಂದು ಕೂರುತ್ತಾಳೆ. ಸುಳ್ಳು ನಾಲಿಗೆಯ ತುದಿಯವರೆಗೂ ಬಂದು ಕೂತಿತು. ಇಂಥದ್ದನ್ನೆಲ್ಲ ಅವಳು ನಂಬುವವಳಲ್ಲ. ಆದರೆ ನಾಳೆ ಆ ಹುಡುಗಿಗೆ ಏನಾದರೂ ಆದರೆ? ಹಣ್ಣಿನಿಂದಲ್ಲ ಎಂದು ತನಗೆ ಗೊತ್ತು. ಗೊತ್ತಿದ್ದೂ, ಉಳಿದ ಆಯುಸ್ಸೆಲ್ಲ ಗ್ಯಾಸಿನ ತಿರುಗುಣಿಯಂತೆ ಅದೊಂದನ್ನೇ ಮುಟ್ಟಿ ಮುಟ್ಟಿ ನೋಡುತ್ತಾ ಕೂರುತ್ತಾಳೆ, ಅದೂ ಗೊತ್ತು.

ಬೆಳಗ್ಗೆ ಮೂಲೆಯ ಆ ಕಾಯಿಯೂ ಸೇರಿ ಒಂದಿಷ್ಟು ಹಣ್ಣು ಕೊಯ್ದು, ಚೀಲ ಬಿಚ್ಚದೆ ಹಾಗೆಯೇ ಬುಟ್ಟಿಗೆ ಹಾಕಿಕೊಂಡು, ರಸ್ತೆ ಬಳಸಿ ಮುಂಬಾಗಿಲಿನಿಂದಲೇ ಹೋದಳು. ಮೀನಾಕ್ಷಮ್ಮ ನಡುಮನೆಯಲ್ಲಿ ಸೊಪ್ಪು ಸೋಸುತ್ತಿದ್ದಳು.

"ಬಾ ವನಜಾ, ಕೂತ್ಕ," ಎಂದಳು. ಕಣ್ಣು ಬುಟ್ಟಿಯ ಮೇಲೆ ಹೋಗಿ ಬಂತು.

ವನಜಾಕ್ಷಿ ಕೂರಲಿಲ್ಲ. "ಅಕ್ಕಾ, ನೀನೇನೂ ಹೇಳ್ಬೇಡ, ಮೊದ್ಲು ನಾನು ಹೇಳ್ಬಿಡ್ತೀನಿ. ಇವು ಅಪ್ಪನ ಪಂಚೆ ಚೀಲದಲ್ಲೇ ಹಣ್ಣಾದವು. ನಾನು ಯೋಚ್ನೆ ಮಾಡ್ಲಿಲ್ಲ. ಬಟ್ಟೆ ಮೆತ್ತಗಿದೆ ಅಂತ ಕತ್ತರಿಸ್ದೆ, ಅಷ್ಟೇ ನನ್ ತಲೇಲಿದ್ದಿದ್ದು. ಬೇಕಂದ್ರೆ ತಗೋ, ಬೇಡಂದ್ರೆ ಬೇಡ ಅನ್ನು. ಬಸ್ಸಿಳಿದು ಚೀಲ ಬಚ್ಚಿಟ್ಕೋಬೇಡ. ಅದೊಂದು ನನ್ ಕೈಲಿ ನೋಡಕ್ಕಾಗಲ್ಲ."

ಮೀನಾಕ್ಷಮ್ಮನ ಕೈಯಲ್ಲಿ ಸೊಪ್ಪಿನ ಕಡ್ಡಿ ನಿಂತಿತು.

"ನೋಡುದ್ಯಾ ಅವತ್ತು?"

"ನೋಡ್ದೆ."

"ಆಚೆ ಕೈಗೆ ಹಾಕ್ಕಂಡಿದ್ನಲ್ಲೇ."

"ಅದ್ನೂ ನೋಡ್ದೆ."

"ನಿನ್ ಕಣ್ ತಪ್ಪಿಸಿ ಈ ಬೀದೀಲಿ ಬೆಕ್ಕೂ ಹಾಲು ಕುಡ್ಯಾಕಾಗಲ್ಲ ಕಣೇ," ಎಂದು ಮೀನಾಕ್ಷಮ್ಮ ನಗಲು ಹೋದಳು. ನಗು ಅರ್ಧಕ್ಕೇ ಮುರಿದು, ಸೆರಗಿನಿಂದ ಮುಖ ಒರೆಸಿಕೊಂಡಳು. "ರಂಗಣ್ಣನ ಮ್ಯಾಲೆ ನಂಗೆ ಬ್ಯಾಸರ ಏನಾರಾ ಐತಾ ಹೇಳು. ಇವ್ಳು ಕೂಸಿದ್ದಾಗ ಜ್ವರ ನೆತ್ತಿಗೇರಿ, ಬಸ್ಸಿಲ್ದೆ, ಅದೇ ಪಂಚೇಲಿ ಸುತ್ಕಂಡು ಸೈಕಲ್ಲಲ್ಲಿ ತಿಪಟೂರಿಗೆ ಕರ್ಕಂಡೋದ್ರು. ಮರ್ತಿದೀನಾ? ಮರ್ತಿಲ್ಲ. ಆದ್ರೂ ಅವು ಗಾಳೀಲಿ ಹಂಗೆ ಆಡಾದು ಕಂಡ್ರೆ ನನ್ನೆದೆ ಝಲ್ ಅಂತದೆ."

"ಹಂಗಾದ್ರೆ ಬೇಡ ಬಿಡಕ್ಕ."

"ತಡಿ, ಕೇಳು. ನೀನು ಓದಿದೋಳು. ನಾನು ಹೆದ್ರಿದೋಳು. ಏನೂ ಆಗಲ್ಲ ಅಂತ ನಂಗೂ ಗೊತ್ತು. ಆದ್ರೆ ಒಂದ್ವ್ಯಾಳೆ ಆಯ್ತು ಅಂತಿಟ್ಕ. ಆಗ ನಾನು ಯಾರ್ನ ಬೈಲಿ? ನಿನ್ನೇ ಬೈಬೇಕಾಯ್ತದೆ. ಬಾಯಿಗ್ ಬಂದಂಗೆ ಬೈತೀನಿ, ನನ್ ಬಾಯಿ ನಿಂಗೆ ಗೊತ್ತಲ್ಲ. ಆಮ್ಯಾಕೆ ಈ ಗೋಡೆ ಪಕ್ಕದಲ್ಲಿ ನಾವಿಬ್ರೂ ಹೆಂಗೇ ಬದ್ಕಾದು?"

ವನಜಾಕ್ಷಿ ನಿನ್ನೆ ಗಿಡದ ಕೆಳಗೆ ನಿಂತು ಹೆದರಿದ್ದೂ ಹೆಚ್ಚುಕಡಿಮೆ ಇದಕ್ಕೇ. ಕೋಣೆಯ ಬಾಗಿಲಲ್ಲಿ ಪವಿತ್ರಾ ಗೋಡೆಗೆ ಒರಗಿ ನಿಂತಿದ್ದಳು. ಬುಟ್ಟಿಯಲ್ಲಿದ್ದ ಮೂಲೆಯ ಹಣ್ಣನ್ನು, ಚೀಲದೊಳಗಿದ್ದರೂ, ಗಾತ್ರದಿಂದಲೇ ಗುರುತು ಹಿಡಿದಿರಬೇಕು. ಅದನ್ನೇ ನೋಡುತ್ತಿದ್ದಳು. ವನಜಾಕ್ಷಿ ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡು ವಾಪಸು ಬಂದಳು. ತೆಗೆದುಕೊಂಡು ಹೋಗುವಾಗ ಇಲ್ಲದ ಭಾರ ಈಗ ಬುಟ್ಟಿಗೆ ಬಂದಿತ್ತು.

ಬುಟ್ಟಿ ಅಡುಗೆಮನೆಯ ಮೂಲೆಯಲ್ಲಿ ಹಾಗೆಯೇ ಕೂತಿತು. ಲಕ್ಕಯ್ಯ ಬಂದಾಗ ಒಂದೆರಡು ಕೊಟ್ಟಳು. ಯಜಮಾನ್ರು ಬೈಕೊಂಡೇ ಕೊಟ್ಟಂಗಾಯ್ತು ಎಂದು ಅವನು ಹಸಿರಂಚಿಗೆ ಕೈ ಮುಗಿದು ತೆಗೆದುಕೊಂ‍ಡು ಹೋದ. ಗಿಡದಲ್ಲಿ ಉಳಿದಿದ್ದ ಹಣ್ಣನ್ನೂ ಕೊಯ್ದು, ಎಲ್ಲದರ ಚೀಲ ಬಿಚ್ಚಿ, ಒಗೆದು, ಮನೆಯೊಳಗೇ ಹಗ್ಗ ಕಟ್ಟಿ ಒಣಗಿಸಿದಳು, ಹೊರಗೆ ಯಾರ ಕಣ್ಣಿಗೂ ಬೀಳದ ಹಾಗೆ. ಗಿಡದ ಮೇಲೆ ಈಗ ಬಿಳಿಯದೇನೂ ಇರಲಿಲ್ಲ. ತುದಿಯ ಸಣ್ಣ ಕಾಯಿಗಳು ಬರಿಮೈಯಲ್ಲಿದ್ದವು. ಚಿಟ್ಟೆ ಬಂದು ಅವುಗಳ ಸುತ್ತ ಹಾರಾಡಿತು. ಓಡಿಸಲು ಕೂಡ ಅವಳು ಏಳಲಿಲ್ಲ.

ನಾಲ್ಕು ದಿನ ಕಳೆದಿರಬೇಕು. ಪಾತ್ರೆ ತೊಳೆಯುತ್ತಿದ್ದವಳ ಬೆನ್ನ ಹಿಂದೆ ಗೋಡೆಯಾಚೆಯಿಂದ ಏನೋ ದೊಪ್ಪೆಂದು ಬಿತ್ತು. ಬಟ್ಟೆಯ ಗಂಟು. ಗೋಡೆಯ ಮೇಲೆ ಮೀನಾಕ್ಷಮ್ಮನ ತಲೆ.

"ನನ್ ಹಳೇ ನೂಲಿನ ಸೀರೆ. ಬಾಣಂತಿ ಬಟ್ಟೆಗೆ ಅಂತ ತೆಗ್ದಿಟ್ಟಿದ್ದೆ. ಅರ್ಧ ಹರ್ದು ಇಟ್ಕಂಡು ಅರ್ಧ ತಂದಿದೀನಿ. ಆ ಸಣ್ ಕಾಯಿಗೆಲ್ಲಾ ಇದ್ರಲ್ಲಿ ಕಟ್ಟು."

ವನಜಾಕ್ಷಿ ಒದ್ದೆ ಕೈಯಲ್ಲೇ ಗಂಟು ಎತ್ತಿಕೊಂಡಳು. ಮಾಸಿದ ನೀಲಿ ಬಣ್ಣ, ಮೇಲೆಲ್ಲ ಸಣ್ಣ ಹಳದಿ ಹೂ.

"ಯಾಕಂಗ್ ನೋಡ್ತೀಯಾ? ನಾನಿನ್ನೂ ಬದ್ಕಿದೀನಿ ಕಣೇ, ಅದ್ರಿಂದೇನೂ ದೋಷ ಇಲ್ಲ," ಎಂದಳು ಮೀನಾಕ್ಷಮ್ಮ. "ಯಾವಾಗ್ ಬತ್ತವೆ ಅವು?"

"ಕೂಸನ್ನ ತೊಟ್ಟಿಲಿಗೆ ಹಾಕೋ ಹೊತ್ಗೆ."

"ಮೆಲ್ಲಗ್ ಬರ್ಲಿ. ಬಾಣಂತಿಗೂ ರಕ್ತ ಬೇಕು." ತಲೆ ಮರೆಯಾಯಿತು. ಗೇಟಿನ ಚಿಲಕ ತೆಗೆದ ಸದ್ದಿಗಾಗಿ ವನಜಾಕ್ಷಿ ಕಿವಿಗೊಟ್ಟಳು. ಕೇಳಿಸಲಿಲ್ಲ.

ಆದರೂ ಮಿಷನ್ನಿನ ಮುಂದೆ ಕೂತಳು. ಸಂಜೆಯ ಹೊತ್ತಿಗೆ ಒಂದಿಷ್ಟು ಚೀಲಗಳಾದವು. ಮೊಟ್ಟೆ ಕಂಡ ಕಾಯಿಗಳನ್ನು ಕಿತ್ತು ಮಣ್ಣಿನಲ್ಲಿ ಹೂತು, ಉಳಿದವಕ್ಕೆ ನೀಲಿ ಹೂವಿನ ಚೀಲ ಕಟ್ಟಿ ಮುಗಿಸಿದಾಗ ಸೊಂಟ ನೋಯುತ್ತಿತ್ತು. ಒಳಗೆ ಹೋಗಿ ಬುಟ್ಟಿಯಿಂದ ಒಂದು ಹಣ್ಣು ತಂದು ಬಾವಿಕಟ್ಟೆಯ ಮೇಲೆ ಕೂತಳು. ಮೂಲೆಯ ಹಣ್ಣೇ ಕೈಗೆ ಬಂದಿತ್ತು. ಗಿಡ ನೆಟ್ಟು ಇಷ್ಟು ವರ್ಷವಾಗಿ, ಇದರ ರುಚಿ ಹೇಗೆಂದು ತನಗೇ ಗೊತ್ತಿಲ್ಲವೆಂಬುದು ಆಗಲೇ ಹೊಳೆದದ್ದು. ಯಾರಿಗೆ ಕೊಡುವುದೆಂದು ಯೋಚಿಸಿದ್ದಳೇ ಹೊರತು ತಿನ್ನುವುದನ್ನು ಯೋಚಿಸಿರಲಿಲ್ಲ.

ಕಲ್ಲಿಗೆ ಕುಟ್ಟಿ ಒಡೆದಳು. ಹುಳುವಿರಲಿಲ್ಲ. ಕಾಳು ಒತ್ತೊತ್ತಾಗಿ, ಒಳಗಿಂದ ದೀಪ ಹಿಡಿದ ಹಾಗೆ ಕೆಂಪಗಿದ್ದವು. ಬೆರಳಿನಿಂದ ಬಿಡಿಸಿ ಬಾಯಿಗೆ ಹಾಕಿಕೊಂಡಳು. ತಲೆಯ ಮೇಲೆ, ಸಿಡಿಲು ಮಾಡಿಟ್ಟ ಆ ತೂತಿನಲ್ಲಿ, ಆಕಾಶ ಇನ್ನೂ ಬೆಳ್ಳಗಿತ್ತು. ಸುತ್ತ ತೆಂಗಿನ ಗರಿಗಳು ಕಪ್ಪಾಗುತ್ತಿದ್ದವು.

"ಚಿಕ್ಕಮ್ಮಾ."

ಪರದೆ ಒಂದು ಬದಿಗೆ ಸರಿದಿತ್ತು. ಕಿಟಕಿಯ ಸರಳಿನ ಹಿಂದೆ ಪವಿತ್ರಾಳ ಮುಖ.

"ಏನೇ?"

"ಸಿಹಿ ಐತಾ?"

ವನಜಾಕ್ಷಿ ಬಾಯಲ್ಲಿದ್ದುದನ್ನು ನುಂಗದೆ ಯೋಚಿಸಿದಳು. "ಇದೆ," ಎಂದಳು. ಅಷ್ಟು ಹೇಳಿದರೆ ಪೂರ್ತಿ ಹೇಳಿದ ಹಾಗಾಗುವುದಿಲ್ಲ ಎನ್ನಿಸಿತು. "ಮೊದ್ಲು ಸಿಹಿ. ಆಮೇಲೆ ಒಂಚೂರು ಹುಳಿ ಬರತ್ತೆ. ಬೀಜ ಕಡಿದ್ರೆ ಒಗರು."

"ರಸ ಇದ್ಯಾ?"

"ಕೈಯೆಲ್ಲ ಆಗಿದೆ ನೋಡು." ಅವಳು ಅಂಗೈ ಎತ್ತಿ ತೋರಿಸಿದಳು.

ಒಳಗೆಲ್ಲೋ ಮೀನಾಕ್ಷಮ್ಮ ಪಾತ್ರೆ ಸದ್ದು ಮಾಡುತ್ತಿದ್ದಳು. ಮಾತು ಕೇಳಿಸಿದ್ದರೂ ಅವಳು ಮಗಳನ್ನು ಒಳಗೆ ಕರೆಯಲಿಲ್ಲ.

"ಇನ್ನರ್ಧಾನೂ ತಿನ್ನಿ ಚಿಕ್ಕಮ್ಮ," ಎಂದಳು ಪವಿತ್ರಾ. "ಕತ್ಲಾಗೋ ಮುಂಚೆ. ನಾನು ನೋಡ್ತಿರ್ತೀನಿ."

ವನಜಾಕ್ಷಿ ಕಟ್ಟೆಯ ಮೇಲೆ ಕೂತಲ್ಲೇ ಒಂದಿಷ್ಟು ತಿರುಗಿ, ಕಿಟಕಿಗೆ ಕಾಣುವ ಹಾಗೆ ಹಣ್ಣನ್ನು ಎತ್ತಿ ಹಿಡಿದು, ಉಳಿದ ಅರ್ಧವನ್ನು ಬಿಡಿಸತೊಡಗಿದಳು.